ಬೀಜ ಬಿತ್ತುವ ಮೊದಲೇ ಸಸಿಗೆ ಮದ್ದು



ಮುಂಗಾರು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಹಿತ್ತಲುಗಳಲ್ಲಿ ಪ್ರತಿವರ್ಷ ಕಾಣಸಿಗುವ ಒಂದು ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಬದನೆಯ ಬೀಜವನ್ನೋ ಮೆಣಸಿನ ಬೀಜವನ್ನೋ ಬಿತ್ತಿ ಹತ್ತು ಹನ್ನೆರಡು ದಿನಗಳಾಗಿರುತ್ತವೆ. ಮಡಿಯ ತುಂಬ ಎರಡೆರಡು ಎಲೆಯ ಎಳೆಯ ಸಸಿಗಳು ನಿಂತಿರುತ್ತವೆ. ಸಂಜೆ ನೋಡಿದಾಗ ಎಲ್ಲವೂ ನೆಟ್ಟಗಿದ್ದವು. ಮರುದಿನ ಬೆಳಿಗ್ಗೆ ಮಡಿಯ ಒಂದು ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ಸಸಿಗಳು ನೆಲಕ್ಕೆ ಒರಗಿವೆ. ಎಲೆ ಇನ್ನೂ ಹಸಿರಾಗಿಯೇ ಇದೆ. ಕಾಂಡ ಮಾತ್ರ ಮಣ್ಣಿಗೆ ತಾಗುವ ಜಾಗದಲ್ಲಿ ನೂಲಿನಂತೆ ಸಣ್ಣಗಾಗಿದೆ. ಮತ್ತೆರಡು ದಿನ ಕಳೆಯುವಷ್ಟರಲ್ಲಿ ಅಂಗೈ ಅಗಲ ಇದ್ದದ್ದು ಮೊರದಗಲವಾಗುತ್ತದೆ. ವಾರದೊಳಗೆ ಮಡಿಯೇ ಬರಿದಾಗುವುದೂ ಉಂಟು.

ಬೀಜ ಸರಿಯಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಮಳೆ ಹೆಚ್ಚಾಯಿತು ಎಂದು ಇನ್ನು ಕೆಲವರು. ಯಾರದೋ ಕಣ್ಣು ತಾಗಿತು ಎನ್ನುವವರೂ ಇದ್ದಾರೆ. ನಿಜವಾದ ಕಾರಣ ಒಂದು ರೋಗ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ‘ಸಸಿ ಸಾಯುವ ರೋಗ’ ಎಂದು ಹೆಸರು. ಈ ರೋಗದ ಬಗ್ಗೆ ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟೆ: ಬಿದ್ದ ಸಸಿಯನ್ನು ಎಬ್ಬಿಸುವ ಔಷಧಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಮಾಡಬೇಕಾದ ಕೆಲಸವೆಲ್ಲ ಬೀಜ ಮಣ್ಣಿಗೆ ಬೀಳುವ ಮೊದಲೇ ಆಗಬೇಕು. ಹಾಗೆ ಏಕೆ ಎಂಬುದನ್ನೂ, ಆ ಕೆಲಸಗಳು ಯಾವುವು ಎಂಬುದನ್ನೂ ಈಗ ನೋಡೋಣ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತಲಿನ ಊರುಗಳಲ್ಲಿ ‘ತೋಟ’ ಎಂದರೆ ಅಡಿಕೆ ತೋಟ. ಮನೆಯ ಅಡುಗೆಗೆ ಬೇಕಾದ ತರಕಾರಿ ಬೆಳೆಯುವುದು ಹಿತ್ತಲಿನಲ್ಲಿ. ಸೌತೆ, ಹೀರೆ, ಹಾಗಲ, ಬೆಂಡೆ, ಬದನೆ, ಹರಿವೆ, ಬಸಳೆ, ಸೂಜಿಮೆಣಸು ಹೀಗೆ ಹಲವು ಬಗೆ. ಇವುಗಳ ಬೀಜವನ್ನು ಅನೇಕ ಮನೆಗಳಲ್ಲಿ ಅಂಗಡಿಯಿಂದ ತರುವುದಿಲ್ಲ. ಚೆನ್ನಾಗಿ ಬಲಿತ ಒಂದು ಕಾಯನ್ನು ಬೀಜಕ್ಕೆಂದೇ ಬಿಟ್ಟು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಒಲೆಯ ಹೊಗೆ ತಾಗುವ ಕಡೆ ಕಟ್ಟಿಡುತ್ತಾರೆ. ಈ ಕೆಲಸವನ್ನು ಹೆಚ್ಚಾಗಿ ಮನೆಯ ಹೆಂಗಸರೇ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ ಇಂಥ ಹಿತ್ತಲ ಬೀಜಗಳನ್ನು ಉಳಿಸುವ, ಹಂಚಿಕೊಳ್ಳುವ ಕೆಲಸಕ್ಕೇ ಹುಟ್ಟಿಕೊಂಡದ್ದು.

ಈಗ ಯೋಚಿಸಿ. ಪೇಟೆಯಿಂದ ತಂದ ಬೀಜ ಹಾಳಾದರೆ ಇನ್ನೊಂದು ಪೊಟ್ಟಣ ತರಬಹುದು. ಅಜ್ಜಿ ಕೊಟ್ಟ ಒಂದು ಹಿಡಿ ಬದನೆ ಬೀಜವನ್ನು ಪೂರ್ತಿ ಒಂದೇ ಮಡಿಗೆ ಚೆಲ್ಲಿ, ಆ ಮಡಿ ಒಂದು ವಾರದಲ್ಲಿ ಸತ್ತರೆ? ಆ ಬದನೆಯ ತಳಿಯೇ ಆ ಮನೆಯಿಂದ ಹೋಯಿತು. ನೆರೆಮನೆಯಲ್ಲೂ ಅದಿಲ್ಲದಿದ್ದರೆ ಊರಿನಿಂದಲೇ ಹೋಯಿತು. ಸಣ್ಣ ರೋಗವೆಂದು ಕಾಣುವ ಇದು ಕೆಲವು ಸಲ ಹೀಗೆ ದೊಡ್ಡ ನಷ್ಟವನ್ನೇ ಮಾಡುತ್ತದೆ.

ಇನ್ನು ರೋಗದ ಕಾರಣಕ್ಕೆ ಬರೋಣ. ಸಸಿ ಸಾಯುವ ರೋಗ ಒಂದೇ ಜೀವಿಯಿಂದ ಬರುವುದಿಲ್ಲ. ಮುಖ್ಯವಾಗಿ ನಾಲ್ಕು ಬಗೆಯ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ: ಪೈಥಿಯಮ್, ಫೈಟಾಫ್ತೊರಾ, ರೈಜೋಕ್ಟೋನಿಯಾ ಮತ್ತು ಫ್ಯುಸೇರಿಯಮ್. ನಾಲ್ಕೂ ಮಣ್ಣಿನಲ್ಲಿ ಸಹಜವಾಗಿ ಇರುವಂಥವು. ಇವುಗಳಲ್ಲಿ ಕೊನೆಯ ಎರಡು ನಿಜವಾದ ಶಿಲೀಂಧ್ರಗಳು. ಮೊದಲಿನ ಎರಡನ್ನು ಹಿಂದೆ ಶಿಲೀಂಧ್ರಗಳೆಂದೇ ಎಣಿಸಲಾಗುತ್ತಿತ್ತು, ಈಗಲೂ ಮಾತಿನಲ್ಲಿ ಹಾಗೆಯೇ ಹೇಳುತ್ತೇವೆ. ಆದರೆ ಇಂದಿನ ವಿಜ್ಞಾನದ ಪ್ರಕಾರ ಅವು ಬೇರೆಯೇ ಒಂದು ವಂಶಕ್ಕೆ ಸೇರಿದವು. ನಿಜವಾದ ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಇರುತ್ತದೆ. ಪೈಥಿಯಮ್ ಮತ್ತು ಫೈಟಾಫ್ತೊರಾಗಳ ಗೋಡೆಯಲ್ಲಿರುವುದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದಕ್ಕೆ ಹತ್ತಿರದ ವಸ್ತುಗಳು. ವಂಶಾವಳಿಯಲ್ಲಿ ಅವು ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹೆಚ್ಚು ಹತ್ತಿರ. ಇವುಗಳನ್ನು ‘ನೀರು ಬೂಷ್ಟು’ ಎಂದು ಕರೆದರೆ ಅರ್ಥ ಸರಿಯಾಗುತ್ತದೆ.

ಈ ವ್ಯತ್ಯಾಸ ಪರೀಕ್ಷೆಗೆ ಮಾತ್ರ ಬೇಕಾದದ್ದೆಂದು ತಿಳಿಯಬೇಡಿ. ಇದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು, ನೀರು ಬೂಷ್ಟುಗಳ ಬೀಜಾಣುಗಳಿಗೆ ಚಾಟಿಯಂಥ ಎರಡು ಕಶಾಂಗಗಳಿವೆ. ಮಣ್ಣಿನ ಕಣಗಳ ನಡುವೆ ನೀರು ನಿಂತಾಗ ಅವು ಅದರಲ್ಲಿ ಈಜುತ್ತವೆ. ಎಳೆಯ ಬೇರು ಹೊರಸೂಸುವ ಸಕ್ಕರೆ ಮೊದಲಾದ ವಸ್ತುಗಳ ಜಾಡು ಹಿಡಿದು ಬೇರಿನ ತುದಿಗೇ ಬಂದು ಅಂಟಿಕೊಳ್ಳುತ್ತವೆ. ನೀರಿಲ್ಲದ ಕಡೆ ಈ ಈಜು ಸಾಧ್ಯವಿಲ್ಲ. ಹಾಗಾದರೆ ನೀರಿನ ಹತೋಟಿಯೇ ರೋಗದ ಹತೋಟಿ ಎಂದಾಯಿತು. ಎರಡನೆಯದು, ಔಷಧಿಯ ಆಯ್ಕೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಅನೇಕ ಶಿಲೀಂಧ್ರಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೀರು ಬೂಷ್ಟುಗಳಿಗೆ ಅದು ತಾಗುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ ಮೆಟಲಾಕ್ಸಿಲ್ ಎಂಬುದು ನೀರು ಬೂಷ್ಟುಗಳಿಗೆ ತಾಗುತ್ತದೆ, ರೈಜೋಕ್ಟೋನಿಯಾಕ್ಕೆ ತಾಗುವುದಿಲ್ಲ. ರೋಗ ಯಾವುದೆಂದು ತಿಳಿಯದೆ ಔಷಧಿ ತಂದರೆ ದುಡ್ಡೂ ಹೋಯಿತು, ಸಸಿಯೂ ಹೋಯಿತು.

ಫೈಟಾಫ್ತೊರಾ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥ ‘ಗಿಡದ ನಾಶಕ’. 1845ರಲ್ಲಿ ಐರ್ಲೆಂಡ್ ದೇಶದ ಆಲೂಗೆಡ್ಡೆ ಬೆಳೆಯನ್ನು ಕೊಳೆಸಿ ಘೋರ ಬರಗಾಲಕ್ಕೆ ಕಾರಣವಾದದ್ದು ಇದರ ಒಂದು ಜಾತಿ. ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಆ ರೋಗಕ್ಕೆ ಈ ಜೀವಿಯೇ ಕಾರಣವೆಂದು ತೋರಿಸಿಕೊಟ್ಟ. 1876ರಲ್ಲಿ ಅದಕ್ಕೆ ಈ ಹೆಸರಿಟ್ಟವನೂ ಅವನೇ. ನಿಮಗೆ ಹತ್ತಿರದ ಉದಾಹರಣೆ ಬೇಕೆ? ಮಳೆಗಾಲದಲ್ಲಿ ಅಡಿಕೆ ಕೊನೆಯನ್ನು ಉದುರಿಸುವ ಕೊಳೆರೋಗ, ಕಾಳುಮೆಣಸಿನ ಬಳ್ಳಿಯನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಸೊರಗು ರೋಗ, ಇವೆರಡೂ ಫೈಟಾಫ್ತೊರಾದ ಕೆಲಸವೇ. ಕೊಳೆಯ ಹೆಸರು ಕೇಳದ ಮನೆ ಮಂಚಿಕೇರಿಯ ಸುತ್ತ ಇರಲಾರದು. ಸಸಿಮಡಿಯಲ್ಲಿ ನಡೆಯುವುದು ಅದೇ ಕಥೆ, ಸಣ್ಣ ಅಳತೆಯಲ್ಲಿ.

ದೊಡ್ಡ ಗಿಡಕ್ಕೆ ಆಗದ ತೊಂದರೆ ಸಸಿಗೇ ಏಕೆ ಆಗುತ್ತದೆ? ಮೊಳೆತ ಹೊಸತರಲ್ಲಿ ಕಾಂಡದ ಜೀವಕೋಶಗಳ ಗೋಡೆ ಬಹಳ ತೆಳು. ಗಿಡ ಬೆಳೆದಂತೆ ಅದರಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿಕೊಳ್ಳುತ್ತದೆ. ಮರಕ್ಕೆ ಮರತನ ಬರುವುದು ಇದರಿಂದ. ಈ ಗಟ್ಟಿತನ ಬರುವ ತನಕ, ಎಂದರೆ ಸಾಮಾನ್ಯವಾಗಿ ಮೊದಲ ಎರಡು ಮೂರು ವಾರ, ಸಸಿಗೆ ರಕ್ಷಣೆ ಕಡಿಮೆ. ಸೂಕ್ಷ್ಮಜೀವಿಯ ಎಳೆಗಳು ಕಿಣ್ವಗಳನ್ನು ಬಿಟ್ಟು ಎಳೆಯ ಕಾಂಡವನ್ನು ಕರಗಿಸಿಬಿಡುತ್ತವೆ. ಆದ್ದರಿಂದ ನಾವು ಕಾಪಾಡಬೇಕಾದ ಅವಧಿ ಬಹಳ ದೊಡ್ಡದಲ್ಲ. ಮೂರು ವಾರ ದಾಟಿಸಿದರೆ ಮುಕ್ಕಾಲು ಪಾಲು ಗೆದ್ದಂತೆ.

ಈ ರೋಗ ಎರಡು ಹಂತಗಳಲ್ಲಿ ಬರುತ್ತದೆ. ಮೊದಲ ಹಂತದಲ್ಲಿ ಬೀಜ ಮೊಳೆತು ಮೇಲೆ ಬರುವ ಮೊದಲೇ ಮಣ್ಣಿನೊಳಗೆ ಕೊಳೆಯುತ್ತದೆ. ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೀಜ ಹುಟ್ಟಲಿಲ್ಲ ಎಂದು ಬೀಜವನ್ನೇ ದೂರುತ್ತೇವೆ. ಎರಡನೆಯ ಹಂತ, ಮೇಲೆ ಬಂದ ಸಸಿ ಬುಡ ಕೊಳೆತು ಬೀಳುವುದು. ಹೀಗೆ ಬಿದ್ದ ಸಸಿಯನ್ನು ಮೆಲ್ಲಗೆ ಕಿತ್ತು ನೋಡಿ. ಬುಡ ನೀರಲ್ಲಿ ನೆನೆದಂತೆ ಮೆತ್ತಗಾಗಿ, ಬೇರು ಕಂದಾಗಿ, ಬೇರಿನ ಸಿಪ್ಪೆ ಕೈಗೆ ಜಾರಿ ಬಂದು ಒಳಗಿನ ನಾರು ಮಾತ್ರ ಉಳಿದರೆ ಅದು ಬಹುಮಟ್ಟಿಗೆ ಪೈಥಿಯಮ್. ಬುಡದಲ್ಲಿ ಒಣಗಿದ, ಕೆಂಗಂದು ಬಣ್ಣದ ತಗ್ಗಾದ ಕಲೆಯಿದ್ದು, ಕಾಂಡ ತಂತಿಯಂತೆ ಗಟ್ಟಿಯಾಗಿದ್ದರೆ ರೈಜೋಕ್ಟೋನಿಯಾ ಇರಬಹುದು. ಕಾಂಡ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಿದ್ದರೆ ಅದು ರೋಗವೇ ಅಲ್ಲ. ಪಕ್ಕದ ಮಣ್ಣನ್ನು ಕೆದಕಿ ನೋಡಿ, ಸುರುಳಿ ಸುತ್ತಿಕೊಂಡ ಕತ್ತರಿ ಹುಳು ಸಿಗುತ್ತದೆ. ಎಲ್ಲ ಸಸಿಗಳೂ ಒಂದೇ ಸಮನೆ ಮಧ್ಯಾಹ್ನ ಬಾಡಿ, ಸಂಜೆ ಚೇತರಿಸಿಕೊಂಡರೆ ಅದು ಬಿಸಿಲಿನ ಪರಿಣಾಮ. ರೋಗ ಹಾಗಲ್ಲ, ಒಂದು ಕಡೆ ಶುರುವಾಗಿ ಸುತ್ತಲೂ ಹರಡುತ್ತದೆ.

ಈಗ ತಡೆಯುವ ಕ್ರಮಕ್ಕೆ ಬರೋಣ. ಮೊದಲನೆಯದು ಜಾಗ. ಕಳೆದ ವರ್ಷ ಸಸಿ ಸತ್ತ ಜಾಗದಲ್ಲಿ ಈ ವರ್ಷ ಮತ್ತೆ ಮಡಿ ಮಾಡಬಾರದು. ನೀರು ಬೂಷ್ಟುಗಳು ದಪ್ಪ ಗೋಡೆಯ ಬೀಜಾಣುಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ, ಮಾಡಿನ ನೀರು ಹರಿದು ಬಾರದ ಜಾಗ ಆರಿಸಿಕೊಳ್ಳಿ. ಹಲಸಿನ ಮರದಡಿಯ ದಟ್ಟ ನೆರಳು ಬೇಡ.

ಎರಡನೆಯದು ಮಡಿ. ಬಯಲುಸೀಮೆಯಲ್ಲಿ 15 ಸೆಂಟಿಮೀಟರ್ ಎತ್ತರದ ಮಡಿ ಸಾಕಾಗಬಹುದು. ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಗೆ ಒಂದು ಗೇಣಿಗಿಂತ ತಗ್ಗಿನ ಮಡಿ ಸಾಲದು. ಅಗಲ ಒಂದು ಮೀಟರ್ ಇರಲಿ, ಆಗ ಎರಡೂ ಕಡೆಯಿಂದ ಕೈ ನಿಲುಕುತ್ತದೆ. ಮಡಿಯ ನಡು ಸ್ವಲ್ಪ ಉಬ್ಬಿರಲಿ, ಸುತ್ತ ಕಾಲುವೆ ಇರಲಿ. ಜಿಗುಟು ಮಣ್ಣಾದರೆ ಮರಳು ಬೆರೆಸಿ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ, ಅರೆಕೊಳೆತ ಸೊಪ್ಪು ಹಾಕಿದರೆ ಪೈಥಿಯಮ್‌ಗೆ ಊಟ ಬಡಿಸಿದಂತೆ. ಪೂರ್ತಿ ಕಳಿತ ಗೊಬ್ಬರದಲ್ಲಾದರೋ ಉಪಕಾರಿ ಸೂಕ್ಷ್ಮಜೀವಿಗಳು ತುಂಬಿರುತ್ತವೆ. ಅವು ರೋಗದ ಜೀವಿಗಳೊಂದಿಗೆ ಆಹಾರಕ್ಕೆ ಪೈಪೋಟಿ ನಡೆಸಿ ಅವನ್ನು ಹದ್ದಿನಲ್ಲಿಡುತ್ತವೆ. ಯೂರಿಯಾ ಸಸಿಮಡಿಗೆ ಬೇಡ. ಅದರಿಂದ ಸಸಿ ಬೇಗ ಉದ್ದವಾಗುತ್ತದೆ, ಆದರೆ ಮೆತ್ತಗಾಗುತ್ತದೆ.

ಮೂರನೆಯದು ಮಣ್ಣಿಗೆ ಬಿಸಿ ಕೊಡುವುದು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಸೊಪ್ಪು, ದರಕು, ಕಸಕಡ್ಡಿಗಳೊಂದಿಗೆ ಮಣ್ಣನ್ನು ಸುಟ್ಟು ‘ಸುಡುಮಣ್ಣು’ ಮಾಡುವ ರೂಢಿ ಹಿಂದಿನಿಂದಲೂ ಇದೆ. ಅದರ ಒಂದು ಗುಣ ವಿಜ್ಞಾನಕ್ಕೂ ಒಪ್ಪುವಂಥದು. ಒದ್ದೆ ಮಣ್ಣನ್ನು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ನೀರು ಬೂಷ್ಟುಗಳು ಸಾಯುತ್ತವೆ. ಕುಂಡಕ್ಕೆ ಬೇಕಾದ ಒಂದೆರಡು ಬುಟ್ಟಿ ಮಣ್ಣಾದರೆ ಹಳೆಯ ಹಂಡೆಯಲ್ಲಿ ಹಬೆಗೆ ಇಟ್ಟೂ ಬಿಸಿ ಮಾಡಬಹುದು. ಇಡೀ ಮಡಿಗೆ ಬೆಂಕಿಯಿಲ್ಲದೆ ಬಿಸಿ ಕೊಡುವ ಇನ್ನೊಂದು ಉಪಾಯ ಇದೆ. ಇಸ್ರೇಲಿನ ವಿಜ್ಞಾನಿ ಕಟಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಇದನ್ನು ಪ್ರಕಟಿಸಿದರು. ಮಡಿಯನ್ನು ಚೆನ್ನಾಗಿ ತೋಯಿಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡುವುದು. ಹಾಳೆ ಕಪ್ಪಾಗಿರಬಾರದು, ಬಿಸಿಲು ಒಳಗೆ ಇಳಿಯಬೇಕು. ಮಣ್ಣು ಒಣಗಿರಬಾರದು, ಒದ್ದೆ ಮಣ್ಣಿನಲ್ಲೇ ಶಾಖ ಆಳಕ್ಕೆ ಇಳಿಯುತ್ತದೆ. ಮಲೆನಾಡಿನಲ್ಲಿ ಮೇ ತಿಂಗಳಲ್ಲಿ ಮೋಡ, ಅಡ್ಡಮಳೆ ಬರುವುದರಿಂದ ಮಾರ್ಚ್, ಏಪ್ರಿಲ್ ತಿಂಗಳುಗಳೇ ಇದಕ್ಕೆ ಸರಿಯಾದ ಕಾಲ. ಪರೀಕ್ಷೆ ಮುಗಿದು ರಜೆ ಬರುವ ಕಾಲವೂ ಅದೇ, ಆದ್ದರಿಂದ ಈ ಕೆಲಸ ನಿಮ್ಮದೇ ಆಗಬಹುದು.

ನಾಲ್ಕನೆಯದು ಬೀಜ. ಮುರಿದ, ಮುದುಡಿದ, ಹಳೆಯ ಬೀಜ ನಿಧಾನವಾಗಿ ಮೊಳೆಯುತ್ತದೆ. ನಿಧಾನವಾದಷ್ಟೂ ಅಪಾಯದ ಅವಧಿ ಉದ್ದವಾಗುತ್ತದೆ. ಆದ್ದರಿಂದ ಜೊಳ್ಳು ತೆಗೆದು, ತುಂಬಿದ ಬೀಜವನ್ನೇ ಬಿತ್ತಬೇಕು. ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಪುಡಿಯನ್ನು ಲೇಪಿಸುವುದು ಒಳ್ಳೆಯದು. ಟ್ರೈಕೋಡರ್ಮಾ ಎಂಬುದು ಹಸಿರು ಬಣ್ಣದ ಒಂದು ಉಪಕಾರಿ ಶಿಲೀಂಧ್ರ. ಇದು ರೋಗದ ಶಿಲೀಂಧ್ರದ ಎಳೆಗಳನ್ನು ಸುತ್ತಿಕೊಂಡು ಅವನ್ನೇ ತಿನ್ನುತ್ತದೆ ಎಂಬುದನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲಿ ವರದಿ ಮಾಡಿದ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಪುಡಿ ಎಂಬುದು ಲೆಕ್ಕ. ಮನೆಯ ಒಂದು ಹಿಡಿ ಬೀಜಕ್ಕೆ ಒಂದು ಚಿಟಿಕೆ ಸಾಕು. ಬೀಜಕ್ಕೆ ನೀರು ಚಿಮುಕಿಸಿ, ಪುಡಿ ಹಚ್ಚಿ, ನೆರಳಲ್ಲಿ ಆರಿಸಿ, ಬಿತ್ತಿ. ಮಡಿಯ ಮಣ್ಣಿಗೂ ಇದನ್ನು ಸೇರಿಸಬಹುದು. 90 ಕಿಲೋ ಕಳಿತ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ ಕಲಸಿ, ನೆರಳಿನಲ್ಲಿ ತೇವವಾಗಿ ಎರಡು ವಾರ ಮುಚ್ಚಿಟ್ಟರೆ ಶಿಲೀಂಧ್ರ ಗೊಬ್ಬರದ ತುಂಬ ಬೆಳೆದುಕೊಳ್ಳುತ್ತದೆ. ಇದು ಜೀವ ಇರುವ ಔಷಧಿ ಎಂಬುದು ನೆನಪಿರಲಿ. ಬಿಸಿಲಿನಲ್ಲಿಟ್ಟರೆ ಸಾಯುತ್ತದೆ, ಹಳೆಯದಾದರೆ ಸತ್ವ ಕಳೆದುಕೊಳ್ಳುತ್ತದೆ, ತಾಮ್ರದ ಔಷಧಿಯ ಜೊತೆ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ.

ಐದನೆಯದು ಬಿತ್ತುವ ಕ್ರಮ. ಬೀಜವನ್ನು ಮುಷ್ಟಿಯಲ್ಲಿ ಚೆಲ್ಲುವ ಅಭ್ಯಾಸ ಬಿಡಬೇಕು. ಸಾಲಿನಿಂದ ಸಾಲಿಗೆ ನಾಲ್ಕು ಬೆರಳಿನ ಅಂತರವಿಟ್ಟು ತೆಳುವಾಗಿ ಬಿತ್ತಬೇಕು. ಸಸಿಗಳು ಒತ್ತೊತ್ತಾಗಿ ಹುಟ್ಟಿದರೆ ನಡುವೆ ಗಾಳಿಯಾಡುವುದಿಲ್ಲ, ಮೇಲ್ಮಣ್ಣು ಆರುವುದಿಲ್ಲ, ಒಂದು ಸಸಿಯ ರೋಗ ಪಕ್ಕದ್ದಕ್ಕೆ ದಾಟಲು ದಾರಿಯೂ ಹತ್ತಿರ. ಬದನೆ, ಮೆಣಸಿನಂಥ ಸಣ್ಣ ಬೀಜಕ್ಕೆ ಮೇಲೆ ಅರ್ಧದಿಂದ ಒಂದು ಸೆಂಟಿಮೀಟರ್ ಮಣ್ಣು ಸಾಕು. ಮಡಿಗೆ ಹೊದಿಸಿದ ದರಕನ್ನು ಮೊಳಕೆ ಕಂಡ ದಿನವೇ ತೆಗೆದುಬಿಡಬೇಕು.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೀರು. ಸಸಿಯ ಮೇಲಿನ ಪ್ರೀತಿಯನ್ನು ನೀರಿನಲ್ಲಿ ತೋರಿಸಬಾರದು. ನೀರು ಹಾಕುವ ಮೊದಲು ಬೆರಳಿನಿಂದ ಮಣ್ಣು ಮುಟ್ಟಿ ನೋಡಿ. ತೇವ ಇದ್ದರೆ ಆ ದಿನ ನೀರು ಬೇಡ. ಹಾಕುವುದಾದರೆ ಬೆಳಿಗ್ಗೆ, ಸಣ್ಣ ತೂತಿನ ಝಾರಿಯಲ್ಲಿ. ಸಂಜೆಯೊಳಗೆ ಮೇಲ್ಮಣ್ಣು ಆರಬೇಕು. ರಾತ್ರಿಯಿಡೀ ಒದ್ದೆಯಾಗಿರುವ ಮಡಿಯಲ್ಲೇ ರೋಗ ಹರಡುವುದು. ತೋಟದ ಕಾಲುವೆಯ ಅಥವಾ ಕೆರೆಯ ನೀರಿನಲ್ಲಿ ಈಜುವ ಬೀಜಾಣುಗಳು ಇರಬಹುದಾದ್ದರಿಂದ ಸಸಿಮಡಿಗೆ ಬಾವಿಯ ನೀರು ಮೇಲು. ಜೂನ್ ತಿಂಗಳ ಮಳೆಗೆ ಮಡಿಯ ಮೇಲೆ ಒಂದು ಮಾಡು ಬೇಕು. ಹಿಂದೆ ಅಡಿಕೆ ಸೋಗೆಯ ಚಪ್ಪರ ಮಾಡುತ್ತಿದ್ದರು. ಸೋಗೆ ದಟ್ಟವಾದರೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಇಳಿಜಾರಾಗಿ ಕಟ್ಟಿದ ಪಾರದರ್ಶಕ ಪ್ಲಾಸ್ಟಿಕ್ ಮಾಡು, ನಾಲ್ಕೂ ಬದಿ ತೆರೆದಿರುವುದು ಅದಕ್ಕಿಂತ ಉತ್ತಮ.

ಕಾಳುಮೆಣಸಿನ ಕುಡಿಯನ್ನೋ ಏಲಕ್ಕಿಯ ಬೀಜವನ್ನೋ ನರ್ಸರಿ ಮಾಡುವವರಿಗೂ ಈ ಆರು ಮಾತುಗಳು ಅನ್ವಯಿಸುತ್ತವೆ. ಏಲಕ್ಕಿ ಸಸಿಮಡಿಗೂ ಪೈಥಿಯಮ್, ರೈಜೋಕ್ಟೋನಿಯಾಗಳ ಕಾಟವಿದೆ. ಮೆಣಸಿನ ಕುಡಿಗೆ ಫೈಟಾಫ್ತೊರಾದ ಕಾಟವಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸುವಾಗ ಚೀಲಕ್ಕೆ ತೂತು ಇದೆಯೇ, ನೀರು ಬಸಿಯುತ್ತಿದೆಯೇ ಎಂದು ನೋಡಬೇಕು. ರೋಗ ತಗುಲಿದ ಚೀಲದ ಮಣ್ಣಿನೊಂದಿಗೆ ಗಿಡವನ್ನು ತೋಟಕ್ಕೆ ಒಯ್ದರೆ ರೋಗವನ್ನೇ ತೋಟಕ್ಕೆ ನೆಟ್ಟಂತೆ.

ಇಷ್ಟು ಹೇಳಿದ ಮೇಲೆ ಔಷಧಿಯ ಮಾತು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ಬರದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. ನಮ್ಮ ನಾಡಿಗೆ ಅದರ ಉಪಯೋಗ ತೋರಿಸಿಕೊಟ್ಟವರು ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಡಾಕ್ಟರ್ ಲೆಸ್ಲಿ ಕೋಲ್‌ಮನ್. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅವರು ವರದಿ ಹೊರತಂದರು. ಮಳೆ ಹಿಡಿಯುವ ಮೊದಲೇ ಕೊನೆಗೆ ಬೋರ್ಡೋ ಸಿಂಪಡಿಸಬೇಕು ಎಂಬುದು ಅವರ ಸಲಹೆ. ಅದಕ್ಕೂ ಮೊದಲು ಬೆಳೆಗಾರರು ಕೊನೆಗೆ ‘ಕೊಟ್ಟೆ’ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ಗಮನಿಸಿ: ಕೊಟ್ಟೆ ಕಟ್ಟಿದ ಬೆಳೆಗಾರನೂ, ಬೋರ್ಡೋ ಹೊಡೆಯಿರಿ ಎಂದ ವಿಜ್ಞಾನಿಯೂ ಮಾಡಿದ್ದು ಒಂದೇ ಕೆಲಸ. ರೋಗ ಬರುವ ಮೊದಲೇ ದಾರಿ ಕಟ್ಟಿದರು. ತಾಮ್ರ ರೋಗವನ್ನು ಗುಣಪಡಿಸುವುದಿಲ್ಲ. ಬೀಜಾಣು ಮೊಳೆಯದಂತೆ ತಡೆಯುತ್ತದೆ, ಅಷ್ಟೆ.

ಸಸಿಮಡಿಗೆ ಬಿತ್ತುವ ಮೊದಲು ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮೇಲ್ಮಣ್ಣು ತೋಯುವಷ್ಟು ಹಾಕಬಹುದು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದಾಗಿರಲಿ. ತೊಳೆದು ಹೊಳಪಾದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಆ ದಿನದ ದ್ರಾವಣ ಆ ದಿನವೇ ಮುಗಿಯಬೇಕು. ಹುಟ್ಟಿದ ಸಸಿಗೆ ಬೋರ್ಡೋಗಿಂತ, ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿದ ನೀರು ಸೌಮ್ಯ. ಬೋರ್ಡೋ ಹಾಕಿದ ಮಡಿಗೆ ಟ್ರೈಕೋಡರ್ಮಾ ಸೇರಿಸುವುದಾದರೆ ಎರಡು ವಾರ ಕಾಯಿರಿ. ಇನ್ನೊಂದು ಎಚ್ಚರಿಕೆ: ಮೈಲುತುತ್ತ ವಿಷ. ಈ ಕೆಲಸವನ್ನು ಮನೆಯ ಹಿರಿಯರೊಂದಿಗೆ, ಕೈಗವಸು ಹಾಕಿಕೊಂಡು ಮಾಡಿ. ಅಡುಗೆಯ ಪಾತ್ರೆ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿಯೂ ಒಂದು ಮೂಲೆಯಲ್ಲಿ ಸಸಿ ಬಿದ್ದರೆ ಏನು ಮಾಡಬೇಕು? ಬಿದ್ದವುಗಳನ್ನೂ, ಅವುಗಳ ಸುತ್ತ ಒಂದು ಗೇಣು ಜಾಗದಲ್ಲಿ ಚೆನ್ನಾಗಿಯೇ ಕಾಣುವ ಸಸಿಗಳನ್ನೂ ಮಣ್ಣಿನ ಸಮೇತ ತೆಗೆಯಿರಿ. ಗೊಬ್ಬರ ಗುಂಡಿಗೆ ಹಾಕಬೇಡಿ, ಸುಡಿ. ನೀರು ನಿಲ್ಲಿಸಿ. ಮಾಡಿನ ಬದಿ ಬಿಚ್ಚಿ ಗಾಳಿ ಬಿಡಿ. ಒಣ ಮರಳನ್ನು ತೆಳುವಾಗಿ ಎರಚಿ. ಕೆಲವರು ಬೂದಿ ಎರಚುತ್ತಾರೆ. ಬೂದಿ ಮೇಲಿನ ತೇವವನ್ನು ಹೀರುತ್ತದೆ, ಅಷ್ಟು ಉಪಕಾರ ಉಂಟು. ಅದೇ ಪೂರ್ಣ ಮದ್ದು ಎಂದು ನಂಬಿ ಕೂರಬಾರದು. ಉಳಿದ ಸಸಿಗಳ ಬುಡಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ನೀರು ಹಾಕಿ. ಆ ಮಡಿಯಲ್ಲಿ ಆಡಿಸಿದ ಕೈ, ಕತ್ತಿ, ಗುದ್ದಲಿಗಳನ್ನು ತೊಳೆಯದೆ ಬೇರೆ ಮಡಿಗೆ ಹೋಗಬೇಡಿ.

ವಿದ್ಯಾರ್ಥಿಗಳಾದ ನೀವು ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ನಾಲ್ಕು ಒಂದೇ ಅಳತೆಯ ಕುಂಡ ತೆಗೆದುಕೊಳ್ಳಿ. ಎರಡಕ್ಕೆ ಹಿತ್ತಲಿನ ಮಣ್ಣು, ಎರಡಕ್ಕೆ ಅದೇ ಮಣ್ಣನ್ನು ಹಬೆಯಲ್ಲಿ ಬಿಸಿ ಮಾಡಿ ಆರಿಸಿದ್ದು. ನಾಲ್ಕಕ್ಕೂ 25 ಹರಿವೆ ಅಥವಾ ಟೊಮ್ಯಾಟೊ ಬೀಜ ಎಣಿಸಿ ಬಿತ್ತಿ. ಪ್ರತಿ ಬಗೆಯ ಮಣ್ಣಿನಲ್ಲಿ ಒಂದು ಕುಂಡಕ್ಕೆ ಬೆರಳು ಮುಟ್ಟಿ ನೋಡಿ ನೀರು ಕೊಡಿ, ಇನ್ನೊಂದನ್ನು ನೀರು ತುಂಬಿದ ತಟ್ಟೆಯಲ್ಲಿಡಿ. ಏಳನೆಯ, ಹತ್ತನೆಯ, ಹದಿನಾಲ್ಕನೆಯ ದಿನ ನಿಂತಿರುವ ಸಸಿಗಳನ್ನು ಎಣಿಸಿ ಬರೆದಿಡಿ. ಮಣ್ಣಿನ ಪಾಲೆಷ್ಟು, ನೀರಿನ ಪಾಲೆಷ್ಟು ಎಂಬುದು ನಿಮ್ಮ ಅಂಕಿಗಳಲ್ಲೇ ಕಾಣುತ್ತದೆ. ಒಂದು ಸಲದ ಫಲಿತಾಂಶ ಸಾಲದು, ಎರಡು ಮೂರು ಸಲ ಮಾಡಿ.

ಕಾಲೇಜಿನ ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಯೋಗ. ಗಾಜಿನ ಬಟ್ಟಲಿನಲ್ಲಿ ಎರಡು ಚಮಚ ಹಿತ್ತಲ ಮಣ್ಣು ಹಾಕಿ, ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಎಳೆಸೌತೆಯ ತೆಳುವಾದ ಬಿಲ್ಲೆಗಳನ್ನು ತೇಲಿಬಿಡಿ. ಮೀನಿಗೆ ಗಾಳ ಹಾಕಿದಂತೆ ಇದು. ಎರಡು ಮೂರು ದಿನಗಳಲ್ಲಿ ಬಿಲ್ಲೆಯ ಅಂಚಿನಲ್ಲಿ ಬಿಳಿಯ ಎಳೆಗಳು ಕಾಣಿಸಿಕೊಂಡರೆ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ನೀರು ಬೂಷ್ಟಿನ ಎಳೆಗಳಲ್ಲಿ ಅಡ್ಡಗೋಡೆಗಳು ಬಹಳ ವಿರಳ, ಉದ್ದ ಕೊಳವೆಯಂತೆ ಕಾಣುತ್ತವೆ. ರೈಜೋಕ್ಟೋನಿಯಾದಲ್ಲಿ ಅಡ್ಡಗೋಡೆಗಳಿದ್ದು ಕವಲುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಡೆಯುತ್ತವೆ. ಪ್ರಯೋಗ ಮುಗಿದ ಮೇಲೆ ಬಟ್ಟಲಿಗೆ ಕುದಿಯುವ ನೀರು ಸುರಿದು ಬಳಿಕ ಚೆಲ್ಲಿ.

ಕೊನೆಯದಾಗಿ, ಯಾವ ಪುಸ್ತಕದ ಔಷಧಿಗಿಂತಲೂ ಅಗ್ಗವಾದ ಒಂದು ಜಾಗ್ರತೆ ಇದೆ. ಮನೆಯ ಬೀಜ ಎಷ್ಟೇ ಕಡಿಮೆ ಇರಲಿ, ಅರ್ಧವನ್ನು ಮಾತ್ರ ಬಿತ್ತಿ. ಉಳಿದರ್ಧದಲ್ಲಿ ಒಂದು ಪಾಲನ್ನು ಹದಿನೈದು ದಿನ ತಡೆದು ಇನ್ನೊಂದು ಜಾಗದಲ್ಲಿ ಬಿತ್ತಿ, ಇನ್ನೊಂದು ಪಾಲನ್ನು ನೆಂಟರಿಗೋ ನೆರೆಯವರಿಗೋ ಕೊಟ್ಟಿಡಿ. ನಿಮ್ಮ ಮಡಿ ಹೋದರೂ ತಳಿ ಉಳಿಯುತ್ತದೆ. ಈ ವರ್ಷ ನಿಮ್ಮ ಮನೆಯಲ್ಲಿ ಯಾವ ಯಾವ ಬೀಜ ಇದೆ, ಯಾರಿಂದ ಬಂತು, ಯಾವಾಗ ಬಿತ್ತುತ್ತಾರೆ ಎಂದು ಅಜ್ಜಿಯನ್ನೋ ಆಯಿಯನ್ನೋ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಡಿಯನ್ನು ಏರಿಸುವ, ಮಣ್ಣಿಗೆ ಬಿಸಿಲು ಕಾಯಿಸುವ ಕೆಲಸವನ್ನು ಮಳೆ ಬರುವ ಮೊದಲೇ ನೀವು ವಹಿಸಿಕೊಳ್ಳಿ.